ಕ್ರಾಪ್ ಲೆನ್ಸ್ ಹಾಕಿದರೆ ಸೆನ್ಸರ್ ಸುಡುತ್ತದಂತೆ: ಮನೆಮಂದಿ ಗುಂಪಿನ ಚರ್ಚೆ

ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಎಚ್ಚರ!! ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾಗೆ ಕ್ರಾಪ್ ಲೆನ್ಸ್ (ಚಿಕ್ಕ ಸೆನ್ಸರ್‌ಗೆ ಮಾಡಿದ ಲೆನ್ಸ್) ಹಾಕಬೇಡಿ. ಸೆನ್ಸರ್ ಸುಟ್ಟುಹೋಗುತ್ತದೆ. 45 ಮೆಗಾಪಿಕ್ಸೆಲ್ ಅಂತ ಮಾರಿ 19 ಮಾತ್ರ ಕೊಡುತ್ತಾರೆ. ಎಲ್ಲರಿಗೂ ತಲುಪಿಸಿ.

ದೊಡ್ಡಪ್ಪ: ಹೊಸ ಕ್ಯಾಮೆರಾ ಬೇಡ ಅಂತ ನಾನು ಆವತ್ತೇ ಹೇಳಿದ್ದೆ.

ಅಕ್ಕ: ಸುಡುತ್ತದೆ ಅಂತ ಯಾವ ಮ್ಯಾನ್ಯುಯಲ್‌ನಲ್ಲಿದೆ? ಪುಟದ ಫೋಟೋ ಹಾಕಿ.

ದೊಡ್ಡಪ್ಪ: ದೊಡ್ಡವರು ಒಂದು ಮಾತು ಹೇಳಿದರೆ ಆಧಾರ ಕೇಳುವುದು ಯಾವಾಗಿಂದ ಶುರುವಾಯಿತು?

ಅಕ್ಕ: ಬ್ಯಾಟರಿಯನ್ನು ಫ್ರಿಜ್‌ನಲ್ಲಿಡಿ ಅಂತ ಕಳಿಸಿದಿರಲ್ಲ, ಆವತ್ತಿಂದ.

ಭಾವ: ಕ್ರಾಪ್ ಮೋಡ್ ಒಳ್ಳೆಯದೇ. 200 ಎಂಎಂ ಲೆನ್ಸ್ 300 ಆಗುತ್ತದೆ. ಪುಕ್ಕಟೆ ಜೂಮ್!

ನಾನು: ಇಲ್ಲ ಭಾವ, 200 ಯಾವತ್ತೂ 200 ಎಂಎಂ ಲೆನ್ಸೇ. ಕ್ಯಾಮೆರಾ ಸುತ್ತಲಿನ ಅಂಚು ಬಿಟ್ಟು ನಡುಭಾಗ ಮಾತ್ರ ಉಳಿಸಿಕೊಳ್ಳುತ್ತದೆ. ನೋಟ 300ರಷ್ಟು ಕಿರಿದಾಗುತ್ತದೆ, ಅಷ್ಟೆ. ಪೂರ್ತಿ ಫೋಟೋ ತೆಗೆದು ಆಮೇಲೆ ಕತ್ತರಿಸಿದರೂ ಅದೇ ಸಿಗುತ್ತದೆ.

ಭಾವ: ಈ ಮನೆಯಲ್ಲಿ ನನ್ನ ಮಾತಿಗೆ ಯಾವತ್ತು ಬೆಲೆ ಇತ್ತು?

ಅತ್ತೆ ಮಗ: ರೀಲಿನ ಕಾಲವೇ ಚೆನ್ನಾಗಿತ್ತು ಅಲ್ವಾ? ಒಂದು ರೀಲಿಗೆ 36 ಫೋಟೋ. ತೊಳೆದು ಬರುವವರೆಗೂ ಕಾಯುತ್ತಿದ್ದೆವು. ಯಾರದ್ದು ಕಣ್ಣು ಮುಚ್ಚಿದೆ ಅಂತ ಆಮೇಲೆ ಜಗಳ.

ನಾನು: ಆ ರೀಲಿನ ಫ್ರೇಮ್ ಕೂಡ 36×24 ಮಿಲಿಮೀಟರ್. ಫುಲ್ ಫ್ರೇಮ್ ಸೆನ್ಸರ್ ಅಳತೆಯೂ ಅದೇ. ಕ್ರಾಪ್ ಲೆನ್ಸ್ ಬೀರುವ ಬೆಳಕಿನ ವೃತ್ತ ಅದಕ್ಕಿಂತ ಚಿಕ್ಕದು, ಮೂಲೆ ತಲುಪುವುದಿಲ್ಲ. ಅದಕ್ಕೇ ಕ್ಯಾಮೆರಾ ತಾನಾಗಿ ಕ್ರಾಪ್ ಮೋಡ್‌ಗೆ ಹೋಗುತ್ತದೆ. ನಿಕಾನ್ ಡಿ850ಯಲ್ಲಿ ಪೂರ್ತಿ ಚಿತ್ರ 8256×5504 ಪಿಕ್ಸೆಲ್, ಅಂದರೆ ಸುಮಾರು 45 ಮೆಗಾಪಿಕ್ಸೆಲ್. ಡಿಎಕ್ಸ್ (ನಿಕಾನ್‌ನ ಚಿಕ್ಕ ಸೆನ್ಸರ್ ಅಳತೆ) ಕ್ರಾಪ್‌ನಲ್ಲಿ 5408×3600, ಅಂದರೆ ಸುಮಾರು 19. ದೊಡ್ಡಪ್ಪ ಹೇಳಿದ 19 ಬಂದದ್ದು ಇಲ್ಲಿಂದ. ಇದರಲ್ಲಿ ಮೋಸ ಏನಿಲ್ಲ. ಅದರಲ್ಲಿ ಆಟೋ ಕ್ರಾಪ್ ಆಫ್ ಮಾಡಿದರೆ ಮೂಲೆಗಳು ಕಪ್ಪಾಗಿ ಬರುತ್ತವೆ. ಸೆನ್ಸರ್‌ಗೆ ಏನೂ ಆಗುವುದಿಲ್ಲ.

ದೊಡ್ಡಪ್ಪ: ಬೆಂಕಿ ಇಲ್ಲದೆ ಹೊಗೆ ಆಡುತ್ತದಾ?

ನಾನು: ಆ ಹೊಗೆ ಇಲ್ಲಿಂದ ಎದ್ದಿರಬಹುದು: ಕ್ಯಾನನ್‌ನ ಕ್ರಾಪ್ ಲೆನ್ಸ್‌ಗಳಾದ ಇಎಫ್-ಎಸ್ ಲೆನ್ಸ್‌ಗಳ ಹಿಂಭಾಗ ಸ್ವಲ್ಪ ಹೊರಗೆ ಚಾಚಿರುತ್ತದೆ. ಕ್ಯಾನನ್ 5ಡಿ ತರಹದ, ಒಳಗೆ ಕನ್ನಡಿ ಇರುವ ಫುಲ್ ಫ್ರೇಮ್ ಎಸ್‌ಎಲ್‌ಆರ್‌ಗೆ ಅವು ಕೂರುವುದೇ ಇಲ್ಲ. ಬಲವಂತ ಮಾಡಿದರೆ ಒಳಗಿನ ಕನ್ನಡಿ ಮೇಲೇಳುವಾಗ ತಾಗಬಹುದು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಕ್ಯಾನನ್‌ನ ಮಿರರ್‌ಲೆಸ್ ಆರ್5ಗೆ ಅಡಾಪ್ಟರ್ ಹಾಕಿ ಅದೇ ಲೆನ್ಸ್ ಬಳಸಬಹುದು.

ಅಕ್ಕ: ಅಂದರೆ ಫಾರ್ವರ್ಡ್ ಸುಳ್ಳು. ದೊಡ್ಡಪ್ಪ, ಡಿಲೀಟ್ ಮಾಡಿ.

ದೊಡ್ಡಪ್ಪ: ನಾನು ಬರೆದದ್ದಲ್ಲ. ಬಂದದ್ದನ್ನು ಕಳಿಸಿದೆ. ಜಾಗ್ರತೆ ಹೇಳುವುದೂ ತಪ್ಪಾ?

ಚಿಕ್ಕಮ್ಮ: ಯಾರದ್ದು ಕ್ಯಾಮೆರಾ ಸುಟ್ಟುಹೋಯಿತು?? ಎಲ್ಲರೂ ಹುಷಾರಾಗಿದ್ದೀರಾ?

ಅಕ್ಕ: ಯಾರದ್ದೂ ಇಲ್ಲ ಚಿಕ್ಕಮ್ಮ. ಮೇಲಿನಿಂದ ಓದಿ.

ಚಿಕ್ಕಮ್ಮ: ಅಷ್ಟುದ್ದ ಯಾರು ಓದುತ್ತಾರೆ.

ಭಾವ: ಕ್ರಾಪ್ ಲೆನ್ಸ್ ಅಂದಾಗ ನೆನಪಾಯಿತು. ನನ್ನ 18-55 ಎಂಎಂ ಲೆನ್ಸ್ ಯಾರ ಹತ್ತಿರ ಇದೆ? ಮದುವೆಗೆ ಅಂತ ತೆಗೆದುಕೊಂಡು ಹೋದವರು ವಾಪಸ್ ಕೊಡಲೇ ಇಲ್ಲ.

ಅತ್ತೆ ಮಗ: ನನ್ನ ಹತ್ತಿರ ಇದೆ. ಭಾನುವಾರ ತರುತ್ತೇನೆ. ಹಿಂದಿನ ಮುಚ್ಚಳ ಮಾತ್ರ ಇಲ್ಲ.

ಭಾವ: ಮುಚ್ಚಳ ಇಲ್ಲದೆ ಇಷ್ಟು ದಿನ ಎಲ್ಲಿಟ್ಟಿದ್ದೆ?

ಅತ್ತೆ ಮಗ: ಬೀರುವಿನಲ್ಲಿ.

ನಾನು: ಕ್ಯಾಮೆರಾಗೆ ಹಾಕುವ ಮುಂಚೆ ಬ್ಲೋವರ್‌ನಿಂದ ಧೂಳು ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ದೊಡ್ಡಪ್ಪ: ಇದಕ್ಕೆ ಆಧಾರ?