ಬೀಸುಬಲೆ ಗುಂಡಿಗೆ ಸೀಸ ಎಲ್ಲಿಂದ ತರ್ತೀರಿ? ಗೊತ್ತಿದ್ದವ್ರು ಹೇಳ್ರಿ

ಡ್ಯಾಂ ದಂಡಿ, ಮುನಿರಾಬಾದ್
ಹತ್ತು ಮೊಳದ ಹೊಸ ಬೀಸುಬಲೆಗೆ ಗುಂಡು ಹಾಕೋದೈತಿ. ಗುಂಡು ಒಂದಕ್ಕ 12 ಗ್ರಾಂ, ಒಟ್ಟು 4 ಕೆಜಿ ಬೇಕು. ಹಳೇ ಬಲೆ ಗುಂಡು ಬಿಚ್ಚಿ ಕರಗಿಸಿ ಆಗೇತಿ, 2.6 ಕೆಜಿ ಬಂತು. ಉಳಿದ 1.4 ಕೆಜಿಗೆ ಸೀಸ ಸಿಗವಲ್ದು. ಟೈರ್ ಅಂಗಡ್ಯಾಗ ಗಾಲಿ ಬ್ಯಾಲೆನ್ಸಿಗೆ ಹಾಕಿದ ಹಳೇ ಸೀಸದ ತೂಕ ಮೊದ್ಲು ಡಬ್ಬಿಗಟ್ಟಲೆ ಕೊಡ್ತಿದ್ರು, ಈಗ ಕೊಡೋದೆಲ್ಲಾ ಕಬ್ಬಿಣ. ಕೊಪ್ಪಳ, ಗಂಗಾವತಿ, ಹೊಸಪೇಟಿ ಕಡೆಯವ್ರು ಎಲ್ಲಿಂದ ತರ್ತೀರಿ? ಕೆಜಿಗೆ ಏನು ಬೀಳ್ತೈತಿ? ಅಚ್ಚು, ಒಲಿ ಎರಡೂ ಅದಾವ.

ಗಂಗಾವತಿ ಟೈರ್
ಟೈರ್ ಅಂಗಡಿ ಬಿಡಬ್ಯಾಡ್ರಿ, ಆರಿಸೋದು ಕಲೀರಿ. ಮೊದ್ಲು ಡಬ್ಬಿಯೊಳಗ ಸ್ಪೀಕರ್ ಮ್ಯಾಗ್ನೆಟ್ ತಿರುವಿದ್ರ ಉಕ್ಕಿನವು ಅಂಟಿಕೊಂಡು ಬರ್ತಾವ. ಗಾಲಿಗೆ ಸಿಗಿಸೋ ಉಕ್ಕಿನ ಕ್ಲಿಪ್ ಇರೋವಕ್ಕ ಕ್ಲಿಪ್ ಹೆಂಗೂ ಅಂಟ್ತೈತಿ, ಅದಕ್ಕ ಮೈಗೆ ಹಿಡಿದು ನೋಡ್ರಿ. ಉಳಿದವನ್ನ ಕಟಿಂಗ್ ಪ್ಲೈಯರ್‌ನಾಗ ಕಚ್ಚಿಸ್ರಿ. ಹಲ್ಲು ಒಳಗ ಇಳಿದ್ರ ಸೀಸ, ಜಾರಿದ್ರ ಜಸ್ತ, ಅಂದ್ರ ಸತು. ಅನುಮಾನ ಇದ್ದದ್ದಕ್ಕ ಸಂಡಾಸ ತೊಳೆಯೋ ಆಸಿಡ್ ಒಂದು ಹನಿ. ಜಸ್ತ ಬುಸಬುಸ ಅಂತ ನೊರೆ ಬಿಡ್ತೈತಿ, ಸೀಸ ಸುಮ್ನ ಕುಂತಿರ್ತೈತಿ.

ಲೆಕ್ಕ ಹಿಂಗ. 10 ಕೆಜಿ ಡಬ್ಬಿ, ಕೆಜಿಗೆ 90ರಂಗ 900 ರೂಪಾಯಿ. ಅದ್ರಾಗ ಉಕ್ಕು 3.5, ಜಸ್ತ 1.5, ವಾಲ್ವು, ಟೇಪು, ಮಣ್ಣು ಅರ್ಧ ಕೆಜಿ. ಉಳಿದದ್ದು 4.5. ಕರಗಿಸಿದ ಮ್ಯಾಲ ಕ್ಲಿಪ್ 600 ಗ್ರಾಂ, ಕಿಟ್ಟ 200 ಗ್ರಾಂ ಹೋಗಿ ಕೈಗೆ 3.7 ಕೆಜಿ. ಅಂದ್ರ ಕೆಜಿಗೆ 243. ಕ್ಲಿಪ್ ಸೇರಿ ಕಬ್ಬಿಣ 30ರಂಗ, ಜಸ್ತ 120ರಂಗ ಮಾರಿದ್ರ 303 ವಾಪಸ್ ಬರ್ತೈತಿ, ಆವಾಗ 161ಕ್ಕ ಇಳೀತೈತಿ. ಇದಕ್ಕಿಂತ ಕಡಿಮಿಗೆ ಯಾರು ತರ್ತಾರ ಹೇಳ್ರಿ ನೋಡೂನು.

ಕೃಷ್ಣಾ ದಂಡಿ, ರಾಯಚೂರು
ಕರಗಸೋ ಗ್ಯಾಸಿನ ಖರ್ಚು ಎಲ್ಲಿ ಹಿಡದೀರಿ? ಒಂದೊಂದು ತುಣುಕು ಕಚ್ಚಿಸಿ ನೋಡೋ ಕೂಲಿ? 161 ಅಂತ ಬರಿಯೋದು ಸುಲಭ ಅದ.

ಯುರೋಪಿನಾಗ 2005ರಿಂದ ಹೊಸ ಕಾರಿನ ಗಾಲಿಗೆ ಸೀಸದ ತೂಕ ಹಾಕಂಗಿಲ್ಲ. ಕಂಪನಿಗಳು ಉಕ್ಕು, ಜಸ್ತಕ್ಕ ಹೊಳ್ಳಿದ್ವು. ಆ ಡಬ್ಬಿ ವರ್ಷದಿಂದ ವರ್ಷಕ್ಕ ಬಡವಾಗೋದ ಅದ. ಈಗ ಸೀಸ ಇರೋದು ಹಳೇ ನೆಲದೊಳಗ. ಒಂದು, ಹಳೇ ಟೆಲಿಫೋನ್ ಕೇಬಲ್ ಮತ್ತ ಕಾಗದ ಸುತ್ತಿದ ಹಳೇ ಕರೆಂಟ್ ಕೇಬಲ್ಲಿನ ಮ್ಯಾಲಿನ ಕವಚ. ಎರಡು, ಬೀಡು ಕಬ್ಬಿಣದ ನೀರಿನ ಪೈಪಿನ ಜಾಯಿಂಟಿಗೆ ಹುಯ್ದ ಸೀಸ. ಜಾಯಿಂಟಿನದು ಉಗುರಿಲೆ ಗೀರಿದ್ರ ಗೆರಿ ಬೀಳ್ತದ, ಅಷ್ಟು ಮೆತ್ತಗ. ಕೇಬಲ್ ಕವಚ ಬೆಂಕಿಗೆ ಹಾಕಬ್ಯಾಡ್ರಿ, ಡಾಂಬರಿನ ಹೊಗಿ ಊರೆಲ್ಲಾ ಹಬ್ತದ. ಉದ್ದಕ ಚಾಕು ಹೊಡದು ಬಾಳಿಹಣ್ಣಿನ ಸಿಪ್ಪಿ ಸುಲದಂಗ ಸುಲೀಬೇಕು, ಬಟ್ಟಿಲೆ ಒರಸಿ ಎರಡು ದಿನ ಬಿಸಿಲಿಗೆ ಇಡಬೇಕು. ಕಾಗದದ ಪದರಿನಾಗ ಪಸಿ ಉಳದದ್ದು ಕರಗಿದ ಸೀಸದೊಳಗ ಬಿತ್ತಂದ್ರ ಬಾಣಲಿ ಸಮೇತ ಸಿಡೀತದ. ಮತ್ತೊಂದು, ಬಿಲ್ ಇಲ್ಲದ ಕೇಬಲ್ ಮುಟ್ಟಬ್ಯಾಡ್ರಿ. ಕಳವಿನ ಮಾಲಂತ ಗೊತ್ತಿದ್ದು ಕೊಂಡ್ರ ಭಾರತೀಯ ನ್ಯಾಯ ಸಂಹಿತೆ (ಬಿಎನ್ಎಸ್) 317ನೇ ಕಲಂ ಕೊಂಡವಗೂ ಹತ್ತತದ.

ಗುಜರಿ ಅಂಗಡ್ಯಾಗ "ಸೀಸ" ಅಂದ್ರ ಖಾಲಿ ಬಾಟ್ಲಿ ತೋರಸ್ತಾರ. "ಲೆಡ್ಡು" ಅನ್ರಿ.

ಸಿಂಧನೂರು ಇನ್ವರ್ಟರ್
ಇಷ್ಟೆಲ್ಲಾ ಯಾಕ್ರಿ? ಹಳೇ ಬ್ಯಾಟರಿ ಒಡೀರಿ, ಅರ್ಧಕ್ಕಿಂತ ಹೆಚ್ಚು ಪಾಲು ಸೀಸನ ಅದ.

ಬಳ್ಳಾರಿ ಫೌಂಡ್ರಿ
ಇನ್ವರ್ಟರ್ ಅವರೇ, ಇದನ್ನ ಓದಿ ಯಾರಾದ್ರೂ ಹಿತ್ತಿಲಲ್ಲಿ ಬ್ಯಾಟರಿ ಒಡೆದ್ರೆ ಹೊಣೆ ಯಾರು? ಪ್ಲೇಟಿನ ಮೇಲಿರೋ ಬೂದು ಮತ್ತೆ ಕಂದು ಲೇಪ ಸೀಸ ಅಲ್ಲ, ಸೀಸದ ಸಲ್ಫೇಟು ಮತ್ತೆ ಆಕ್ಸೈಡು. ಸೀಸ 327 ಡಿಗ್ರಿಗೆ ಕರಗುತ್ತೆ, ಆಕ್ಸೈಡು 880 ದಾಟಬೇಕು, ಸಲ್ಫೇಟು ಸಾವಿರ ದಾಟಿದ್ರೂ ಕರಗಲ್ಲ. ನಿಮ್ಮ ಒಲೆಯಲ್ಲಿ ಅದು ಬರೀ ಧೂಳು, ಹೊಗೆ. ಕರಗೋದು ಒಳಗಿನ ಜಾಲರಿ, ಪಟ್ಟಿ, ಟರ್ಮಿನಲ್ ಮಾತ್ರ. ಜಾಲರಿಯಲ್ಲಿ ಆಂಟಿಮನಿ, ಆರ್ಸೆನಿಕ್ ಇರುತ್ತೆ, ನೀರು ಹಾಕದ ಬ್ಯಾಟರಿ ಆದ್ರೆ ಕ್ಯಾಲ್ಸಿಯಂ. ಅಂಥ ಕಿಟ್ಟಕ್ಕೆ ಆಮೇಲೆ ತೇವ ತಾಗಿದ್ರೆ ಆರ್ಸೀನ್, ಸ್ಟಿಬೀನ್ ಅನ್ನೋ ವಿಷಾನಿಲ ಏಳಬಹುದು. ಸೆನೆಗಲ್ ದೇಶದ ಡಾಕಾರ್ ಪಕ್ಕದ ತಿಯಾರೋಯ್‌ನಲ್ಲಿ 2007–08ರಲ್ಲಿ ಬ್ಯಾಟರಿ ಸೀಸದ ಮಣ್ಣಿಂದ 18 ಮಕ್ಕಳು ಸತ್ತವು. ಅಲ್ಲೂ ಮನೆ ಅಂಗಳದಲ್ಲೇ ಜರಡಿ ಹಿಡೀತಿದ್ರು.

ಕಾನೂನೂ ಬಿಗಿಯಾಗಿದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದು ನೋಂದಾಯಿತ ರೀಸೈಕ್ಲರ್‌ಗೇ ಹೋಗಬೇಕು. ಹಳೇ ಬ್ಯಾಟರಿ ಕೊಟ್ಟು ಹೊಸದರಲ್ಲಿ ಬೆಲೆ ಕಳೀರಿ, ಲಾಭ ಅದರಲ್ಲೇ ಇದೆ.

ಸಿಂಧನೂರು ಇನ್ವರ್ಟರ್
ಸೆನೆಗಲ್ ಎಲ್ಲಿ, ಸಿಂಧನೂರು ಎಲ್ಲಿ! ಟರ್ಮಿನಲ್ ಮತ್ತ ಪಟ್ಟಿ ಅಷ್ಟ ಕತ್ತರಿಸಿ ತಗೋರಿ ಅಂತ ನನ್ನ ಮಾತಿನ ಅರ್ಥ.

ಬಳ್ಳಾರಿ ಫೌಂಡ್ರಿ
ಬರೆದದ್ದು "ಒಡೀರಿ" ಅಂತ.

ಅಚ್ಚುಮೊಳೆ
ಮುಚ್ಚಿದ ಪ್ರಿಂಟಿಂಗ್ ಪ್ರೆಸ್‌ಗಳನ್ನು ಯಾರೂ ನೆನೆಸಿಕೊಳ್ಳಲಿಲ್ಲವಲ್ಲ. ಅಲ್ಲಿನ ಮೊಳೆಗಳಲ್ಲಿ, ಅಂದರೆ ಅಕ್ಷರದ ಎರಕದ ಅಚ್ಚುಗಳಲ್ಲಿ, ಸೀಸದ ಜತೆ ಆಂಟಿಮನಿ, ತವರ ಇರುತ್ತದೆ. ಹಾಗಾಗಿ ಬರೀ ಸೀಸಕ್ಕಿಂತ ಬೇಗ ಕರಗಿ, ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಹರಿಯುತ್ತದೆ. ತೂತಿನ ಗುಂಡಿಗೆ ನಾಲ್ಕು ಪಾಲು ಮೆತ್ತನೆ ಸೀಸಕ್ಕೆ ಒಂದು ಪಾಲು ಮೊಳೆ ಸಾಕು. ಹಗ್ಗಕ್ಕೆ ಇಟ್ಟು ಸುತ್ತಿಗೆಯಲ್ಲಿ ಒತ್ತಿ ಮುಚ್ಚುವ ಸೀಳುಗುಂಡಾದರೆ ಮೊಳೆ ಬೆರೆಸಲೇಬೇಡಿ, ಬಾಗಿಸುವಾಗ ಪಟ್ ಎಂದು ಸೀಳುತ್ತದೆ. ಅದಕ್ಕೆ ಪೈಪ್ ಜಾಯಿಂಟಿನಂಥ ಮೆತ್ತನೆಯದೇ ಸರಿ.

ಆದರೆ ಕನ್ನಡದ ಮೊಳೆ ಕರಗಿಸುವ ಮುಂಚೆ ಒಮ್ಮೆ ಯೋಚಿಸಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಒಂದು ಪೂರ್ತಿ ಸೆಟ್ಟಿಗೆ ಮೊಳೆ ಪೆಟ್ಟಿಗೆಯಲ್ಲಿ ಎಷ್ಟು ಮನೆ ಬೇಕು ಎಂಬುದು ಕಂಪೋಜ್ ಮಾಡಿದವರಿಗೆ ಗೊತ್ತು. ಪೂರ್ತಿ ಸೆಟ್ ಇದ್ದರೆ ಹಾಗೇ ಉಳಿಯಲಿ. ಸಾಲಿನ ನಡುವೆ ಹಾಕುವ ಪಟ್ಟಿ, ಖಾಲಿ ಜಾಗದ ತುಂಡುಗಳಲ್ಲಿ ಅಕ್ಷರ ಇರುವುದಿಲ್ಲ, ಅವನ್ನು ಕರಗಿಸಿ.

ಗಂಗಾವತಿ ಟೈರ್
ಮೊಳಿ ಮ್ಯಾಲ ಪ್ರೀತಿ ಇದ್ದವ್ರು ಪ್ರೆಸ್ ಮುಚ್ಚೋವಾಗ ಎಲ್ಲಿದ್ರಿ? ಗುಜರಿಗೆ ಬಂದ ಮ್ಯಾಲ ಅದು ತೂಕದ ಮಾಲು.

ಅಚ್ಚುಮೊಳೆ
ತೂಕವೊಂದೇ ಗೊತ್ತಿರುವವರ ಹತ್ತಿರ ವಾದ ಮಾಡಲಾರೆ.

ಸಿಂಧನೂರು ಇನ್ವರ್ಟರ್
ಟೈರ್ ಅಣ್ಣ, ನಿಮ್ಮ ಡಬ್ಬಿಯಾಗಿನ ಜಸ್ತ ಒಂದೆರಡು ತಪ್ಪಿ ಬಿದ್ರೂ ಚಿಂತಿ ಇಲ್ಲ. ಚಿಟಿಕಿ ಗಂಧಕ ಹಾಕ್ರಿ, ಜಸ್ತ ಮ್ಯಾಲ ಬರ್ತದ.

ಬಳ್ಳಾರಿ ಫೌಂಡ್ರಿ
ಮತ್ತೆ ಶುರುವಾಯ್ತು. ಗಂಧಕ ಹೊತ್ತಿಕೊಂಡು ಸಲ್ಫರ್ ಡೈಆಕ್ಸೈಡ್ ಏಳುತ್ತೆ, ಎದೆ ಹಿಡಿಯುತ್ತೆ. ಜಸ್ತದ ಜತೆ ಸೀಸವೂ ಸಲ್ಫೈಡ್ ಆಗಿ ಕಿಟ್ಟಕ್ಕೆ ಹೋಗುತ್ತೆ. ಬೇಕಾದದ್ದು ಶಾಖದ ಹಿಡಿತ. ಸೀಸ 327ಕ್ಕೆ, ಜಸ್ತ 419ಕ್ಕೆ. ಬಾಣಲೆ 350ರಿಂದ 380ರ ಒಳಗಿದ್ರೆ ತಪ್ಪಿ ಬಿದ್ದ ಜಸ್ತದ ತುಣುಕು ಕರಗದೆ ತೇಲುತ್ತೆ, ಸೌಟಲ್ಲಿ ತೆಗೆದು ಎಸೆಯಬಹುದು. ಬೆಂಕಿ ಜೋರು ಮಾಡಿದ್ರಿ ಅಂದ್ರೆ ಬೆರೆತು ಹೋಯ್ತು. ಆಮೇಲೆ ಮೇಲ್ಮೈ ರವೆ ಗಂಜಿ ಥರ ಕಾಣುತ್ತೆ, ಅಚ್ಚು ತುಂಬಲ್ಲ, ಗುಂಡಿಗೆ ಅರ್ಧ ಮೂಗು, ಅರ್ಧ ಬಾಲ. ಜಿಐ ಬಕೆಟ್ಟಲ್ಲಿ ಕರಗಿಸೋರಿಗೂ ಇದೇ ಗತಿ, ಅದರ ಮೇಲಿನ ಲೇಪನೇ ಜಸ್ತ. ಅಲ್ಯೂಮಿನಿಯಂ ಪಾತ್ರೆ ಬೇಡ, ಬಿಸಿಗೆ ಮೆತ್ತಗಾಗಿ ತಳ ಬಿಟ್ಟೀತು. ದಪ್ಪ ಕಬ್ಬಿಣದ ಬಾಣಲೆ ಇಡಿ, ಅದು ಮತ್ತೆ ಅಡುಗೆಮನೆ ಸೇರಬಾರದು.

ಕಿಟ್ಟ ಬಿಡಿಸೋಕೆ ಕಡಲೆಕಾಯಿ ಗಾತ್ರದ ಮೇಣ ಹಾಕಿ, ಒಣ ಕಟ್ಟಿಗೆಯಿಂದ ತಳ ಕೆರೆದು ಕಲಸಿ. ಮೇಣ ಭಗ್ ಅಂತ ಹತ್ತುತ್ತೆ, ಮುಖ ದೂರ ಇರಲಿ. ಕಪ್ಪು ಪುಡಿ ಮೇಲೆ ನಿಂತಾಗ ತೆಗೀರಿ. ಹೊಳೆಯೋ ಮೇಲ್ಪದರವನ್ನ ಕಿಟ್ಟ ಅಂತ ಮತ್ತೆ ಮತ್ತೆ ಕೆನೆ ತೆಗೆದಂಗೆ ತೆಗೆಯೋದ್ರಿಂದಲೇ ಅರ್ಧ ನಷ್ಟ.

ಸೀಸ ಎಲ್ಲಿ ಅಂದ್ರೆ, ಹಳೇ ಎಕ್ಸ್‌ರೇ ಕೋಣೆ ಬಾಗಿಲು ಬಿಚ್ಚೋವಾಗ ಒಳಗಿಂದ ಸೀಸದ ಹಾಳೆ ಬರುತ್ತೆ. 2 ಎಂಎಂ ಹಾಳೆ ಚದರಡಿಗೆ 2.1 ಕೆಜಿ.

ನೀರುನಾಯಿ, ಕಂಪ್ಲಿ
ಸೀಸಾನೇ ಯಾಕೆ ಬೇಕು? ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರಾ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ಕಲ್ಲಿಗೆ ಸಿಕ್ಕಿ ಹರಿದ ಬಲೆ ಗುಂಡೆಲ್ಲಾ ತಳದಲ್ಲೇ ಉಳಿಯುತ್ತೆ. ಹಂಸಗಳು ನುಂಗಿ ಸಾಯ್ತಿದ್ವು ಅಂತ ಇಂಗ್ಲೆಂಡಿನಲ್ಲಿ 1987ರಲ್ಲೇ 28 ಗ್ರಾಮಿನೊಳಗಿನ ಸೀಸದ ಗಾಳದ ಗುಂಡು ಮಾರೋದು ನಿಲ್ಲಿಸಿದ್ರು. ಕಬ್ಬಿಣದ ಮಣಿ ಹಾಕಿ.

ಕೃಷ್ಣಾ ದಂಡಿ, ರಾಯಚೂರು
ಬಲಿ ಬೀಸಿ ನೋಡೀರೇನು? 12 ಗ್ರಾಮಿನ ಸೀಸದ ಗುಂಡಿನ ಅಳತಿಗೆ ಕಬ್ಬಿಣ ಮಾಡಿದ್ರ 8.3 ಗ್ರಾಂ. ಬಲಿ ತಳ ಮುಟ್ಟೋದು ತಡ ಆಗ್ತದ, ಅಷ್ಟರಾಗ ಮೀನ ಅಂಚಿನ ಕೆಳಗಿಂದ ಪಾರು. ತುಕ್ಕು ಹಿಡದು ತೂತಿನ ಅಂಚು ಗರಗಸ ಆಗಿ ಹಗ್ಗ ಕತ್ತರಸ್ತದ, ಅದು ಬ್ಯಾರೆ.

ನೀರುನಾಯಿ, ಕಂಪ್ಲಿ
ಗ್ಯಾಲ್ವನೈಸ್ ಮಾಡಿದ್ದು ತಗೊಂಡು ತೂತಿನ ಅಂಚು ಉಜ್ಜಿದ್ರೆ ಹಗ್ಗ ಯಾಕೆ ಕತ್ತರಿಸುತ್ತೆ?

ಗಂಗಾವತಿ ಟೈರ್
ಡ್ಯಾಂ ದಂಡಿ ಅಣ್ಣ, ಒಂದು ಕೆಲಸ ಮಾಡ್ರಿ. ಹಳೇ ಬಲಿ ಇದ್ರ ಅದರ ಗುಂಡು ಬಿಚ್ಚಿ ಕರಗಿಸ್ರಿ.

ಡ್ಯಾಂ ದಂಡಿ, ಮುನಿರಾಬಾದ್
ಅದು ಕರಗಿಸಿ ಆಗೇತಿ ಅಂತ ಮೊದಲ ಬರದೀನ್ರಿ. 2.6 ಕೆಜಿ. ನಾ ಕೇಳಿದ್ದು 1.4 ಕೆಜಿ ಸೀಸ, ಅಷ್ಟ.

ಬಳ್ಳಾರಿ ಫೌಂಡ್ರಿ
2.6 ಕೆಜಿಗೆ 216 ಗುಂಡು. ಎರಡು ಸೀಸ, ಒಂದು ಕಬ್ಬಿಣ ಅಂತ ಪೋಣಿಸಿದ್ರೆ ಕಬ್ಬಿಣದವು 108, ಎಲ್ಲಾ ಸೇರಿ ಮೂರೂವರೆ ಕೆಜಿ. ಒಂದೇ ಕಡೆ ಕಬ್ಬಿಣ ಗುಂಪಾಗಬಾರದು, ಬಲೆಯ ಬಾಯಿ ಸೊಟ್ಟ ಬೀಳುತ್ತೆ. ಅಷ್ಟು ತೂಕ ಸಾಲಲ್ಲ ಅಂದ್ರೆ ಆ ಸೀಸದ ಹಾಳೆ ಮುಕ್ಕಾಲು ಚದರಡಿ ಸಿಕ್ಕರೂ ಕಿಟ್ಟ ಕಳೆದು ನಿಮ್ಮ 1.4 ಬರುತ್ತೆ.

ನೀರುನಾಯಿ, ಕಂಪ್ಲಿ
ಎರಡು ಕಬ್ಬಿಣ, ಒಂದು ಸೀಸ ಯಾಕಾಗಬಾರದು?

ಕೃಷ್ಣಾ ದಂಡಿ, ರಾಯಚೂರು
ಬಂದ್ರು ನೋಡ್ರಿ ಮತ್ತ.