ಥಾಯ್ಲೆಂಡಿನವರ ಜಿಐ ಕಾಫಿ, ಅಕ್ಕಿ: ನಮ್ಮ ಕಡೆ ಯಾಕೆ ಹೀಗಾಗುತ್ತಿಲ್ಲ?

ಮೂಡಿಗೆರೆ ತೋಟದವನು:
ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಎಕರೆ ಅರೇಬಿಕಾ ಕಾಫಿ. ಭಾವ ಥಾಯ್ಲೆಂಡಿಗೆ ಹೋಗಿದ್ದವರು ದೋಯ್ ಚಾಂಗ್ ಕಾಫಿಪುಡಿ ತಂದುಕೊಟ್ಟರು, ಪೊಟ್ಟಣದ ಮೇಲೆ ಅಲ್ಲಿನ ಜಿಐ (ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರು ಆ ಊರಿನ ಬೆಳೆಗೆ ಮಾತ್ರ) ಮುದ್ರೆ ಇದೆ. ಚಿಕ್ಕಮಗಳೂರು ಅರೇಬಿಕಾಗೂ 2019ರಲ್ಲೇ ಜಿಐ ಸಿಕ್ಕಿದೆ ಅಲ್ವಾ? ಆದರೆ ನಾನು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಬೀಜ) ಮೂಟೆ ಕಟ್ಟಿ ವ್ಯಾಪಾರಿಗೆ ಕೊಟ್ಟ ಮೇಲೆ ಅದು ಎಲ್ಲೆಲ್ಲಿಯದೋ ಕಾಫಿ ಜೊತೆ ಸೇರಿಹೋಗುತ್ತದೆ, ಊರಿನ ಹೆಸರು ಅಲ್ಲಿಗೇ ಮುಗಿಯಿತು. ಅವರು ಹೇಗೆ ಉಳಿಸಿಕೊಂಡಿದ್ದಾರೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಗಿರಿ ಕಾಫಿ:
ಅಣ್ಣಾ, ದೋಯ್ ಅಂದರೆ ಬೆಟ್ಟ, ಚಾಂಗ್ ಅಂದರೆ ಆನೆ. ಚಿಯಾಂಗ್ ರಾಯ್ ಪ್ರಾಂತ್ಯದ ಬೆಟ್ಟ ಅದು, ಅಲ್ಲಿ ಅಖಾ ಬುಡಕಟ್ಟಿನ ಜನ ಜಾಸ್ತಿ. ಹಿಂದೆ ಅಫೀಮು ಬೆಳೆಯುತ್ತಿದ್ದ ಜಾಗದಲ್ಲಿ ಕಾಫಿ ಬಂತು. ಅವರು ಬೆಳೆಯುವ ಕ್ಯಾಟಿಮೋರ್ ಅನ್ನುವ ಅರೇಬಿಕಾ ತಳಿ ನಮ್ಮ ಕಾವೇರಿ ತಳಿಯ ಕುಲದ್ದೇ, ಗಿಡದಲ್ಲಿ ಅಂಥ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರುವುದು ಪೊಟ್ಟಣದಲ್ಲಿ. ಬೆಟ್ಟದ ಹೆಸರೇ ಪುಡಿಯ ಹೆಸರಾಗಿ ಅಂಗಡಿ ತನಕ ಹೋಗುತ್ತದೆ. 2015ರಲ್ಲಿ ಯುರೋಪ್ ಒಕ್ಕೂಟದಲ್ಲೂ ದೋಯ್ ಚಾಂಗ್, ಅದೇ ಪ್ರಾಂತ್ಯದ ಇನ್ನೊಂದು ಬೆಟ್ಟದ ಕಾಫಿ ದೋಯ್ ತುಂಗ್, ಎರಡನ್ನೂ ನೋಂದಾಯಿಸಿದರು. ನೀವು ಮೂಟೆ ಮಾರುತ್ತೀರಿ, ಅವರು ಹೆಸರು ಮಾರುತ್ತಾರೆ.

ಹಾಸನದ ಗೃಹಿಣಿ:
ಕಾಫಿ ಇರಲಿ, ಅಕ್ಕಿಯ ಕತೆ ಕೇಳಿ. ಥಾಯ್ಲೆಂಡಿನ ಘಮದ ಅಕ್ಕಿ ಹೋಮ್ ಮಲಿ ಇದೆಯಲ್ಲ, ಆ ಹೆಸರಿನಲ್ಲಿರುವ ಮಲಿ ನಮ್ಮ ಮಲ್ಲಿಗೆಯೇ! ಇದರಲ್ಲಿ ಥುಂಗ್ ಕುಲಾ ರೊಂಗ್ ಹಾಯ್ ಬಯಲಿನದಕ್ಕೆ ಬೇರೆಯೇ ಜಿಐ ಇದೆ. ಆ ಹೆಸರಿನ ಅರ್ಥ ಕುಲಾ ಜನ ಕಣ್ಣೀರಿಟ್ಟ ಬಯಲು. ದಾಟಿದಷ್ಟೂ ಮುಗಿಯದ ಒಣ ಬಯಲು ನೋಡಿ ವ್ಯಾಪಾರಕ್ಕೆ ಬಂದವರು ಅತ್ತುಬಿಟ್ಟರಂತೆ. ಮರಳು ಮಣ್ಣು, ಉಪ್ಪಿನ ಅಂಶ, ನೀರಿಗೆ ಕಷ್ಟ, ಆ ಕಷ್ಟಕ್ಕೇ ಅಕ್ಕಿಯ ಘಮ ಹೆಚ್ಚುತ್ತದೆ. ಐದು ಪ್ರಾಂತ್ಯಗಳಲ್ಲಿ ಹರಡಿರುವ ಆ ಬಯಲಿನ ಅಕ್ಕಿಗೆ ಮಾತ್ರ ಆ ಹೆಸರು, 2013ರಲ್ಲಿ ಯುರೋಪಿನಲ್ಲೂ ಸಿಕ್ಕಿತು. ಚೈಯಾ ಅನ್ನುವ ಊರಿನ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಗೂ ಜಿಐ ಇದೆ. ಉಪ್ಪು ಕಲಸಿದ ಮಣ್ಣು ಮೆತ್ತಿ, ಭತ್ತದ ಹೊಟ್ಟಿನ ಬೂದಿಯಲ್ಲಿ ಹೊರಳಿಸಿ ಇಡುತ್ತಾರೆ. ಒಂದು ಮೊಟ್ಟೆಗೆ ಊರಿನ ಹೆಸರು! ನಮ್ಮಜ್ಜಿ ಮಾಡುತ್ತಿದ್ದ ಎಷ್ಟೋ ಅಡುಗೆಗೆ ಊರಿನ ಹೆಸರಿಟ್ಟು ಕರೆದವರೇ ಇಲ್ಲ ಅಂತ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಸಕಲೇಶಪುರದವನು:
ನಮ್ಮ ಕಷ್ಟ ಇನ್ನೊಂದು. ನಮ್ಮದು ಪಕ್ಕದ ಹಾಸನ ಜಿಲ್ಲೆ. ಚಿಕ್ಕಮಗಳೂರು ಅರೇಬಿಕಾ ಅಂದರೆ ಚಿಕ್ಕಮಗಳೂರು ಜಿಲ್ಲೆಯದು ಮಾತ್ರ. ಅದೇ ಮಳೆ, ಅದೇ ನೆರಳು, ಆದರೂ ನಮ್ಮ ಕಾಫಿಗೆ ಆ ಹೆಸರು ಇಲ್ಲ. ಗೆರೆ ಎಲ್ಲಾದರೂ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಸಿಕ್ಕವರು ಬಳಸದೆ ಸುಮ್ನೆ ಇದ್ದರೆ ಹೊಟ್ಟೆ ಉರಿಯುತ್ತದೆ.

ಗಿರಿ ಕಾಫಿ:
ಅಣ್ಣಾ, ಜಿಐ ಬಂದರೆ ಸಾಲದು, ಬೆಳೆಗಾರ ಆ ಜಿಐನ ಅಧಿಕೃತ ಬಳಕೆದಾರ ಅಂತ ತನ್ನ ಹೆಸರು ಬರೆಸಬೇಕು. ಅರ್ಜಿ ಹೋಗುವುದು ಚೆನ್ನೈಯ ಜಿಐ ನೋಂದಣಿ ಕಚೇರಿಗೆ. ಮೊದಲು ಕಾಫಿ ಬೋರ್ಡಿನವರನ್ನು ಕೇಳಿ, ನಮ್ಮ ಕಾಫಿಗಳ ಜಿಐಗೆ ಅರ್ಜಿ ಹಾಕಿದ್ದು ಅವರೇ.

ಮೂಡಿಗೆರೆ ತೋಟದವನು:
ಬರೆಸಬೇಕು ಅನ್ನುವುದೇ ಗೊತ್ತಿರಲಿಲ್ಲ, ತುಂಬಾ ಉಪಕಾರವಾಯಿತು. ಪಕ್ಕದ ನಾಲ್ಕೈದು ತೋಟದವರನ್ನು ಕರೆದುಕೊಂಡು ಸೋಮವಾರ ಹೋಗುತ್ತೇನೆ. ಈಗಾಗಲೇ ಬರೆಸಿದವರು ಯಾರಾದರೂ ಇಲ್ಲಿದ್ದರೆ, ಏನೇನು ಕಾಗದ ಕೇಳಿದರು ಅಂತ ತಿಳಿಸಿ.