ರವಿವಾರ ಬೆಕ್ಕಿನ ಮರಿ ಬರತೈತಿ, ಮನಿ ತುಂಬ ದಾರ ಐತಿ. ಏನ ಮಾಡ್ಲಿ?

ಹೊಲಿಗಿಯಕ್ಕ, ಹಳೇ ಹುಬ್ಬಳ್ಳಿ

ಎಲ್ಲಾರಿಗೂ ಶರಣ್ರೀ. ಬರೂ ರವಿವಾರ ನವಲಗುಂದಕ್ಕ ಹೋಗಿ ಒಂದು ಬೆಕ್ಕಿನ ಮರಿ ತರಾಕ ಹೊಂಟೀನಿ. ನಮ್ಮಣ್ಣನ ಮನ್ಯಾಗ ಜ್ವಾಳದ ಚೀಲದ ಹಿಂದ ಬೆಕ್ಕು ಮೂರು ಮರಿ ಹಾಕೈತಿ. ಬೂದಿ ಬಣ್ಣದ ಹೆಣ್ಣ ಮರಿ ನನಗ ಅಂತ ಹೇಳಿಟ್ಟೇನಿ. ಹದಿನೈದು ದಿನದ ಹಿಂದನ ಒಯ್ಯಿ ಅಂದಿದ್ದ ಅಣ್ಣ, ಇನ್ನೂ ತಾಯಿ ಮೊಲಿ ಬಿಟ್ಟಿರಲಿಲ್ಲ, ನಾನ ಬ್ಯಾಡ ಅಂದೆ. ಈ ರವಿವಾರಕ್ಕ ಎರಡು ತಿಂಗಳು ತುಂಬತಾವ.

ನಮ್ದು ಹಂಚಿನ ಮನಿ. ಪಡಸಾಲ್ಯಾಗ ನನ್ನ ಹೊಲಿಗಿ ಮಷೀನು ಐತಿ, ಕಾಲಿಲೆ ತುಳಿಯೂದು, ಮದುವ್ಯಾಗ ಅಪ್ಪ ಕೊಡಿಸಿದ್ದು. ಜಂಪರ್ ಹೊಲೀತೀನಿ, ಸೀರಿಗೆ ಫಾಲು, ಪಿಕೋ ಮಾಡತೀನಿ. ಮದುವಿ ಸೀಜನ್ನಿನಾಗ ನೆಲ ಕಾಣಂಗಿಲ್ರೀ. ಚಿಂದಿ, ದಾರದ ತುಂಡು, ಗುಂಡಪಿನ್ನು, ಹುಕ್ಕು, ಎಲ್ಲಾ ಕಾಲಾಗ. ರಾತ್ರಿ ಮಲಗೂ ಮುಂದ ಒಮ್ಮೆ ಕಸ ಹೊಡಿತೀನಿ, ಅಷ್ಟ.

ಈಗ ಮಾಡಿದ ತಯಾರಿ: ಅವ್ವ ಹೊಲಿದ ಹಳೇ ಕೌದಿ ಒಗದು ಬಿಸಲಿಗೆ ಹಾಕೇನಿ. ಒಂದು ಪ್ಲಾಸ್ಟಿಕ್ ಟ್ರೇದಾಗ ಉಸುಕು ಸಾಣಿಗಿ ಹಿಡಿದು ತುಂಬೇನಿ. ಎರಡು ಬಟ್ಟಲ ಬ್ಯಾರೆ ತಗದಿಟ್ಟೇನಿ, ಅತ್ತಿಯವ್ರು ಅದಕ್ಕೂ ಮಾರಿ ಕೆಳಗ ಮಾಡ್ಯಾರ.

ನನ್ನ ಚಿಂತಿ ಊಟದ್ದು. ನಮ್ಮ ಮನ್ಯಾಗ ತತ್ತಿ ಸೈತ ತರಂಗಿಲ್ಲ. "ಹಾಲು ರೊಟ್ಟಿ ತಿಂದು ಈ ಮನ್ಯಾಗ ನಾಕು ಬೆಕ್ಕು ಬೆಳದಾವು, ನಿಂದೇನು ಮೇಲಿಂದ ಇಳದು ಬಂದೈತೇನು?" ಅಂತಾರ ಅತ್ತಿ. ಖರೇನ ಹಾಲು ರೊಟ್ಟಿ ಸಾಕಾಗತೈತಾ? ಬಸ್ಸಿನಾಗ ಹೆಂಗ ತರೂದು? ಮತ್ತ ಏನರ ಮರತೇನ್ರೀ?

ರೈತನ ಮಗ, ಶಿಗ್ಗಾವಿ

ಬೆಕ್ಕಿಗೆ ಇಷ್ಟೆಲ್ಲಾ ತಯಾರಿ ಯಾಕ್ರೀ ಅಕ್ಕಾರ. ನಮ್ಮ ಊರಾಗ ತಾವ ಬರತಾವ, ತಾವ ಹೋಗತಾವ.

ಬೆಟಗೇರಿ ಮಗ್ಗ, ಗದಗ

ಅಕ್ಕಾರ, ನೀವು ಚಿಂತಿ ಮಾಡಬೇಕಾದದ್ದು ಊಟದ್ದಲ್ಲ, ನೆಲದ ಮ್ಯಾಲಿನ ದಾರದ್ದು. ಸ್ವಲ್ಪ ಉದ್ದ ಬರಿತೀನಿ, ಓದ್ರಿ.

ನಮ್ಮದು ಸೀರಿ ನೇಯೂ ಮನಿ. ಕುಣಿಮಗ್ಗ, ಸುತ್ತೂ ಕಡೆ ನೂಲು. ಮೂರು ವರ್ಷದ ಹಿಂದ ಒಂದು ಕೆಂಚ ಮರಿ ತಂದಿದ್ವಿ. ನೂಲು ಸುತ್ತಿದ ಕಂಡಿಕಿ ಉಳ್ಳಿಸಿದ್ರ ಅದರ ಬೆನ್ನ ಹತ್ತೂದು, ಜಿಗಿಯೂದು, ನಮಗೂ ನೋಡಾಕ ಚೆಂದ. ಒಂದಿನ ಉಂಡದ್ದೆಲ್ಲಾ ಕಾರಿಕೊಳ್ಳಾಕ ಹತ್ತಿತು. ಮರುದಿನ ಊಟದ ಹತ್ರ ಬಂದು ಮೂಸಿ ನೋಡಿ ಹಿಂದಕ್ಕ ಸರಿಯಾಕ ಹತ್ತಿತು. ಹೇಲೂ ಜಾಗದಾಗ ಒಂದು ಎಳಿ ರೇಷ್ಮಿ ಹೊರಗ ಕಾಣತಿತ್ತು. ಹೊರಗ ಬರಾಕ ಹತ್ತೈತಲ್ಲ, ಛಲೋ ಆತು ಅಂತ ಹಿಡಿದು ಜಗ್ಗಿದೆ. ಒಂದು ಗೇಣು ಬಂತು, ಆಮ್ಯಾಲೆ ಬರಲಿಲ್ಲ. ಮರಿ ಒದರಿದ್ದು ಇನ್ನೂ ಕಿವ್ಯಾಗ ಐತಿ. ಪಶು ಆಸ್ಪತ್ರಿಗೆ ಒಯ್ಯೂದ್ರಾಗ ಭಾಳ ತಡಾ ಆಗಿತ್ತು, ಉಳಿಲಿಲ್ಲ.

ಡಾಕ್ಟರು ಆವತ್ತು ತಿಳಿಸಿ ಹೇಳಿದ್ರು. ಬೆಕ್ಕಿನ ನಾಲಿಗಿ ಮ್ಯಾಲೆ ಮುಳ್ಳು ಇರತಾವಲ್ಲ, ಅವು ಗಂಟಲ ಕಡೆ ಬಾಗಿರತಾವ. ದಾರ ಒಮ್ಮೆ ಬಾಯಾಗ ಹೋತಂದ್ರ ಉಗುಳಾಕ ಬರಂಗಿಲ್ಲ, ನುಂಗಬೇಕು. ಒಂದು ತುದಿ ನಾಲಿಗಿ ಬುಡಕ್ಕ ಸಿಕ್ಕೊಂಡು ಕೂಡತೈತಿ, ಇನ್ನೊಂದು ತುದಿ ಕರುಳಿನಾಗ ಮುಂದ ಹೋಗತೈತಿ. ನೀವು ಲಂಗಕ್ಕ ನೆರಿಗಿ ಹಾಕೂ ಮುಂದ ಒಂದು ದಾರ ಓಡಿಸಿ ತುದಿ ಹಿಡಿದು ಜಗ್ಗತೀರಲ್ಲ, ಅರಬಿ ಹೆಂಗ ಮುದ್ದಿ ಆಗತೈತಿ? ಕರುಳೂ ಹಂಗ ಆಗತೈತಿ. ನಾನು ಜಗ್ಗಿದ್ದಕ್ಕ ಕರುಳು ಕೊಯ್ದಿತ್ತು.

ಅದಕ್ಕ ನಿಮಗ ಹೇಳೂದು: ದಾರ ಬಾಯಾಗ ಕಂಡ್ರೂ, ಹಿಂದ ಕಂಡ್ರೂ ಕೈ ಹಚ್ಚಬ್ಯಾಡ್ರಿ, ಹಂಗ ಡಾಕ್ಟರ ಹತ್ರ ಒಯ್ರಿ. ಹೊಲಿಗಿ ಮಾಡೂ ಮುಂದ ಸೊಂಟಕ್ಕ ಒಂದು ಚೀಲ ಕಟ್ಟಿಕೊಳ್ರಿ, ಕತ್ತರಿಸಿದ ತುಂಡು ಕೈಯಿಂದ ಸೀದಾ ಚೀಲಕ್ಕ ಬೀಳಬೇಕು. ನಮ್ಮ ಮನ್ಯಾಗ ಈಗ ಹಂಗ ಮಾಡತೇವಿ. ಸೂಜ್ಯಾಗ ದಾರ ಪೋಣಿಸಿ ಎಲ್ಯರ ಚುಚ್ಚಿ ಇಡೂ ಚಟ ಇದ್ರ ಅದನ್ನ ಮೊದಲ ಬಿಡ್ರಿ.

ನಿವೃತ್ತ ಟೀಚರ್, ಸಾಧನಕೇರಿ, ಧಾರವಾಡ

ಬೆಟಗೇರಿಯವರು ಬರದದ್ದು ಓದಿ ನನ್ನ ಹೆಣಿಗಿ ಬುಟ್ಟಿ ಎತ್ತಿ ಕಪಾಟಿನ್ಯಾಗ ಇಟ್ಟು ಬಂದೆ.

ತಂಗಿ, ಊಟದ ಮಾತು ನಾ ಹೇಳ್ತೀನಿ. ನನ್ನ ಮೊಮ್ಮಗಳು ಗದಗಿನ ಪಶುವೈದ್ಯಕೀಯ ಕಾಲೇಜಿನ್ಯಾಗ ಓದಲಿಕ್ಕತ್ಯಾಳ, ಅಕಿ ಕಡೆ ಬೈಸಿಕೊಂಡು ಕಲತದ್ದು. ನಿಮ್ಮ ಅತ್ತಿಯವರ ಮಾತು ಸುಳ್ಳಲ್ಲ. ಆ ನಾಕು ಬೆಕ್ಕು ಬೆಳದದ್ದು ಖರೇ. ಆದ್ರ ಹಾಲು ರೊಟ್ಟಿ ನೀವು ಹಾಕಿದ್ರಿ, ಊಟ ಅವು ಹೊರಗ ಹೋಗಿ ಮಾಡ್ಕೊಂಡು ಬರತಿದ್ವು. ಇಲಿ, ಹಲ್ಲಿ, ಗುಬ್ಬಿ. ನೀವು ಮನಿಯೊಳಗನ ಇಟ್ಕೋತೀರಿ ಅಂದ್ರ ಆ ಊಟ ಎಲ್ಲಿಂದ ಬರಬೇಕು?

ಬೆಕ್ಕಿಗೆ ಟಾರಿನ್ ಅನ್ನೂ ಒಂದು ಅಂಶ ಬೇಕ ಬೇಕು. ಅದು ಮಾಂಸ, ಮೀನಿನ್ಯಾಗ ಇರ್ತದ, ರೊಟ್ಟಿಯೊಳಗ ಇಲ್ಲ. ಬೆಕ್ಕಿನ ಮೈ ತನಗ ಸಾಕಾಗೂವಷ್ಟು ಅದನ್ನ ತಯಾರು ಮಾಡ್ಕೊಳ್ಳೂದಿಲ್ಲ. ಕಡಿಮಿ ಬಿದ್ರ ಕಣ್ಣು ಹೋಗ್ತಾವ, ಹೃದಯ ಸೊರಗ್ತದ. ಹೃದಯದ ಮಾತು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಾಗ ತೋರಿಸಿಕೊಟ್ಟರು, ಆಮ್ಯಾಲೆ ಕಂಪನಿಯವರು ಬೆಕ್ಕಿನ ಆಹಾರದಾಗ ಟಾರಿನ್ ಹೆಚ್ಚು ಮಾಡಿದ್ರು. ಅದಕ್ಕ ಮರಿಗಂತ ಬರೂ ಪ್ಯಾಕೆಟ್ ಕಾಳು ತರ್ರಿ. ಅದರೊಳಗೂ ಮಾಂಸದ ಪುಡಿನ ಇರ್ತದ, ಮುಚ್ಚಿಡೂದ್ಯಾಕ, ಆದ್ರ ನಿಮ್ಮ ಒಲಿ ಮ್ಯಾಲೆ ಏನೂ ಬೇಯಿಸೂದು ಬರಂಗಿಲ್ಲ. ಪಡಸಾಲ್ಯಾಗ ಡಬ್ಬಿ ಇಟ್ಟು ಅಲ್ಲೇ ಬಿಸಿನೀರಿನ್ಯಾಗ ನೆನಸಿ, ಆರಿಸಿ, ದಿನಕ್ಕ ನಾಕು ಸಲ ಸ್ವಲ್ಪ ಸ್ವಲ್ಪ ಹಾಕ್ರಿ. ನಾಯಿ ಪ್ಯಾಕೆಟ್ ಅಗ್ಗ ಸಿಗ್ತದಂತ ತರಬ್ಯಾಡ್ರಿ, ಅದು ಬೆಕ್ಕಿಗೆ ಸಾಲೂದಿಲ್ಲ. ಅಣ್ಣನ ಮನ್ಯಾಗ ಏನು ತಿಂತಿತ್ತೋ ಅದನ್ನ ಒಮ್ಮೆಲೇ ನಿಲ್ಲಿಸಬ್ಯಾಡ್ರಿ, ಒಂದು ವಾರ ಎರಡೂ ಕೂಡಿಸಿ ಹಾಕ್ಕೋತ ಬರ್ರಿ. ಆಕಳ ಹಾಲು ಬಹಳಷ್ಟು ಬೆಕ್ಕಿಗೆ ಪಚನ ಆಗೂದಿಲ್ಲ, ಭೇದಿ ಆಗ್ತದ. ಅತ್ತಿಯವರ ಸಮಾಧಾನಕ್ಕ ಒಂದು ಚಮಚಾ ಮೊಸರು ಹಾಕ್ರಿ, ಏನೂ ಆಗೂದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರು ಮಾತ್ರ ಬ್ಯಾಡ, ರಕ್ತ ಕೆಡಸ್ತದ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಗುಳಗಿ ಬೆಕ್ಕಿಗೆ ವಿಷ, ಅರ್ಧ ತುಂಡೂ ಕೊಡಬಾರದು.

ತಂದ ವಾರದಾಗ ಪಶು ಆಸ್ಪತ್ರಿಗೆ ಹೋಗಿ ಜಂತಿನ ಔಷಧ ಹಾಕಿಸ್ರಿ, ಮೊದಲನೇ ಲಸಿ ಕೇಳ್ರಿ. ನಾಕು ತಿಂಗಳು ತುಂಬೂತನಕ ಮೂರು-ನಾಕು ವಾರಕ್ಕೊಮ್ಮೆ ಮತ್ತ ಹಾಕಬೇಕಾಗ್ತದ. ಹುಚ್ಚುನಾಯಿ ರೋಗದ ಲಸಿ ಮೂರು ತಿಂಗಳಿಗೆ. ಹೆಣ್ಣು ಅಂತೀರಿ, ನಾಕು ತಿಂಗಳಿಗೇ ಗಬ್ಬ ಆಗೂದೂ ಉಂಟು. ಆಪರೇಷನ್ ಯಾವಾಗ ಅಂತ ಮೊದಲನೇ ದಿನಾನ ಕೇಳಿ ಬರ್ರಿ.

ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಹುಬ್ಬಳ್ಯಾಗ ನಳ ಬಂದ ದಿನ ಡ್ರಮ್ಮು, ಬಕೀಟು ಎಲ್ಲಾ ತುಂಬಿಸಿ ಇಡತೀರಲ್ರೀ. ಎಲ್ಲಾದಕ್ಕೂ ಮುಚ್ಚಳ ಹಾಕ್ರಿ. ನಮ್ಮ ತಂಗಿ ಮನ್ಯಾಗ ಮರಿ ಅರ್ಧ ತುಂಬಿದ ಡ್ರಮ್ಮಿನಾಗ ಬಿದ್ದಿತ್ತು, ಒಳಗಿನ ಮೈ ನುಣ್ಣಗ ಇರತೈತಿ, ಹತ್ತಾಕ ಆಗಂಗಿಲ್ಲ. ಹುಡುಗ ನೋಡಿದ್ದಕ್ಕ ಉಳೀತು. ಕರೇ ಫಿನೈಲ್ ಹಾಕಿ ನೆಲ ಒರಸೂದೂ ನಿಲ್ಲಿಸ್ರಿ, ಕಾಲಿಗೆ ಹತ್ತಿದ್ದನ್ನ ಬೆಕ್ಕು ನೆಕ್ಕತೈತಿ.

ಬಸ್ಸಿನಾಗ ತೊಡಿ ಮ್ಯಾಲೆ ಇಟ್ಕೊಂಡು ಬರಬ್ಯಾಡ್ರಿ, ಹಾರ್ನ್ ಹೊಡದ್ರ ಕಿಟಕಿಯಿಂದ ಜಿಗೀತೈತಿ. ಮುಚ್ಚಳದ ಬುಟ್ಟಿ ಛಲೋ. ಅದರಾಗ ತಾಯಿ ಮಲಗಿದ ಅರಬಿ ತುಂಡು ಹಾಕ್ರಿ, ವಾಸನಿಗೆ ಸುಮ್ಮನಿರತೈತಿ.

ಹೊಲಿಗಿಯಕ್ಕ, ಹಳೇ ಹುಬ್ಬಳ್ಳಿ

ಎಲ್ಲಾರೂ ಇಷ್ಟು ಬರದೀರಿ. ಬೆಟಗೇರಿ ಅಣ್ಣಾರ, ನಿಮ್ಮದು ಓದಿ ಆವತ್ತ ರಾತ್ರಿ ಮಷೀನು ಸರಿಸಿ ನೋಡಿದೆ. ಹಿಂದಿನ ಗ್ವಾಡಿ ಸಂದ್ಯಾಗ ಒಂದು ಮುಷ್ಟಿ ದಾರ, ಹನ್ನೊಂದು ಗುಂಡಪಿನ್ನು, ಮುರದ ಸೂಜಿ ಎರಡು. ದಿನಾ ಕಸ ಹೊಡದ ನೆಲ ಅದು! ಸೊಂಟದ ಚೀಲ ಅಸ್ತರಿನ ತುಂಡಿನಾಗ ಹೊಲಕೊಂಡೀನಿ.

ಮರಿ ಬಂದು ನಾಕು ದಿನ ಆತು. ಬುಟ್ಟ್ಯಾಗ ಕುಂತು ನವಲಗುಂದದಿಂದ ಒದರಿದ್ದು ಒದರಿದ್ದ, ಕಂಡಕ್ಟರ್ ನೋಡಿ ನಕ್ಕ. ಮನಿಗೆ ಬಂದ ಕೂಡಲೇ ಅಕ್ಕಿ ಡಬ್ಬಿ ಹಿಂದ ಹೊಕ್ಕೊಂಡಿದ್ದು ಮರುದಿನ ಸಂಜಿತನಕ ಹೊರಗ ಬರಲಿಲ್ಲ. ನಾನು ಕರೀಲಿಲ್ಲ, ಊಟ ಅಲ್ಲೇ ಸರಿಸಿ ಬಂದೆ. ಉಸುಕಿನ ಟ್ರೇ ಒಂದ ಸಲ ತೋರಿಸಿದ್ದು, ಉಂಡ ಮ್ಯಾಲೆ ತಾನ ಹೋಗತೈತಿ. ಆದ್ರ ಉಸುಕು ಪಡಸಾಲಿ ತುಂಬ ಹರವತೈತಿ.

ಒಂದು ಮಾತು ಯಾರೂ ಹೇಳಲಿಲ್ಲ, ಅದನ್ನ ನಾನ ಬರೀತೀನಿ. ಕಾಲ ಮಷೀನು ಇದ್ದವ್ರು ತುಳಿಯೂಕಿಂತ ಮೊದಲ ಕೆಳಗ ಬಗ್ಗಿ ನೋಡ್ರಿ. ನಿನ್ನೆ ಜಂಪರ್ ತೋಳು ಜೋಡಸಾಕ ಕಾಲ ಇಟ್ಟೆ, ತುಳಿಯೂ ಪಾಯಿಡದ ಮ್ಯಾಲೆ ಏನೋ ಮೆತ್ತಗ ಹತ್ತಿತು. ಪಾಯಿಡ ತಂಪು ಇರತೈತಿ ಅಂತ ಅಲ್ಲೇ ಮಲಗೈತಿ, ಬಾಲ ಗಾಲಿ ಕಡ್ಡಿ ನಡುವ ಇತ್ತು. ನನ್ನ ಎದಿ ಡವಡವ. ಈಗ ಗಾಲಿಗೆ ಸುತ್ತ ರಟ್ಟು ಕಟ್ಟೇನಿ.

ಕಾಳಿನ ಡಬ್ಬಿ ಪಡಸಾಲ್ಯಾಗ ಇಟ್ಟೇನಿ. ಅತ್ತಿಯವ್ರು ಆ ಕಡೆ ನೋಡಂಗಿಲ್ಲ, ಆದ್ರ ನಾನು ಸಂತಿಗೆ ಹೋಗಿ ಬರೂದ್ರಾಗ ಬಟ್ಟಲದಾಗ ಕಾಳು ನೆನದಿದ್ವು. ಕೇಳಿದ್ರ "ನನಗೇನು ಗೊತ್ತು" ಅಂದ್ರು. ಹೆಸರು ಇನ್ನೂ ಇಟ್ಟಿಲ್ಲ. ಅವ್ರು "ಏ ಕಳ್ಳಿ" ಅಂತ ಒದರತಾರ, ಅದು ಅದಕ್ಕ ಓಡಿ ಬರತೈತಿ.